ರಾತ್ರಿ ಎಷ್ಟು ಜನ ಇರ್ತಾರೆ ಸ್ವಾಮಿ?

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಮೊನ್ನೆ ಭಾನುವಾರ ಪುರುಸೊತ್ತು ಮಾಡಿಕೊಂಡು ನಾಲ್ಕೈದು ಬ್ಲಾಗು ಓದಿದೆ. ಎರಡರಲ್ಲಿ ವೃದ್ಧಾಶ್ರಮದ ಕಥೆ. ಕಥೆ ಎರಡಲ್ಲ, ಒಂದೇ. ಮಗ ಸಾಫ್ಟ್‌ವೇರು, ಸೊಸೆ ಮಾಡರ್ನು, ಅಮ್ಮ ಕಿಟಕಿ ಹತ್ತಿರ ಕೂತು ದಾರಿ ನೋಡ್ತಾಳೆ, ಕೊನೆಗೊಂದು ದಿನ ಮಗನಿಗೆ ಫೋನು ಹೋಗುತ್ತೆ. ಕೆಳಗೆ ಸಾಲಾಗಿ "ಕಣ್ಣು ತುಂಬಿ ಬಂತು", "ಎಲ್ಲಿಗೆ ಬಂತು ನಮ್ಮ ಸಂಸ್ಕೃತಿ". ನಾನೂ ಹಿಂದೊಮ್ಮೆ ಅಂಥದ್ದೇ ಒಂದು ಬರೆದಿದ್ದೆ, ಹುಡುಕಿದರೆ ಇಲ್ಲೇ ಸಿಗುತ್ತೆ. ಈಗ ಓದಿದರೆ ನಾಚಿಕೆ ಆಗುತ್ತೆ. ಅಳಿಸಿಲ್ಲ, ಇರಲಿ ಅಂತ.

ಗೆಳೆಯರೇ, ನನ್ನ ತಕರಾರು ಇಷ್ಟೇ. ಆ ಕಥೆಗಳಲ್ಲಿ ಅಮ್ಮ ಕಿಟಕಿ ಹತ್ತಿರ ಕೂತಿರ್ತಾಳಲ್ಲ, ಅವಳನ್ನ ಹಾಸಿಗೆಯಿಂದ ಎಬ್ಬಿಸಿ ಅಲ್ಲಿ ಕೂರಿಸಿದವರು ಯಾರು? ಅವಳು ಅಲ್ಲಿ ಎಷ್ಟು ಹೊತ್ತಿನಿಂದ ಕೂತಿದ್ದಾಳೆ? ಕೊನೆಯ ಸಲ ನೀರು ಕುಡಿದದ್ದು ಯಾವಾಗ? ಇದನ್ನ ಒಬ್ಬರಾದರೂ ಕೇಳಿದ್ದೀವಾ? ನಾವೆಲ್ಲ ಮಗನ ಮನಸ್ಸಿನೊಳಗೆ ಇಣುಕಿ ನೋಡೋದರಲ್ಲೇ ಮುಳುಗಿದ್ದೀವಿ. ಅಮ್ಮನ ಬೆನ್ನು ತಿರುಗಿಸಿ ನೋಡಿದವರಿಲ್ಲ.

ನಾನು ನೋಡಿದೆ. ಅದನ್ನೇ ಹೇಳೋಕೆ ಹೊರಟಿದ್ದೀನಿ. ಊಟ ಮಾಡ್ತಾ ಓದಬೇಡಿ.

ಮೊದಲು ಒಂದು ಮಾತು. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಹತ್ತಿಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ. ಹೆರಿಗೆ, ಅಪೆಂಡಿಕ್ಸು, ಡೆಂಗಿ ಜ್ವರಕ್ಕೆ ಡ್ರಿಪ್ಪು. ನನ್ನ ತಂಗಿ ಹುಟ್ಟಿದ್ದು ಅಂಥದ್ದರಲ್ಲೇ. ಹೊರದೇಶಗಳಲ್ಲಿ ಅದೇ ಹೆಸರು ಹೇಳಿದರೆ ಬೇರೆ ಜಾಗ: ವಯಸ್ಸಾಗಿ, ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದವರು ವರ್ಷಗಟ್ಟಲೆ ಇರೋ ಮನೆ. ಅಂಥ ಮನೆಗಳು ಈಗ ಬೆಂಗಳೂರಿನ ಸುತ್ತ ಬೇಕಾದಷ್ಟಿವೆ, ಆದರೆ ಅದಕ್ಕೊಂದು ಹೆಸರು ನಮ್ಮಲ್ಲಿ ನಿಂತಿಲ್ಲ. ವೃದ್ಧಾಶ್ರಮ ಅಂದ್ರೆ ದಿಕ್ಕಿಲ್ಲದವರ ಜಾಗ ಅನ್ನಿಸುತ್ತೆ. ಹಾಗಾಗಿ ಕೇರ್ ಸೆಂಟರು, ಎಲ್ಡರ್ ಹೋಮು, ಅಸಿಸ್ಟೆಡ್ ಲಿವಿಂಗು... ಬೋರ್ಡಿನ ಮೇಲೆ ಒಂದು ಮರ, ಎರಡು ಕೈ, ಹಾರುವ ಹಕ್ಕಿ. ನಾನು ಹೇಳ್ತಿರೋದು ಇವುಗಳ ಬಗ್ಗೆ.

ನನ್ನ ಸೋದರತ್ತೆ. ಶಿಕಾರಿಪುರದ ಕಡೆ ಮೂವತ್ತು ಚಿಲ್ಲರೆ ವರ್ಷ ಪ್ರೈಮರಿ ಸ್ಕೂಲ್ ಟೀಚರು. ಮಗ ಮೆಲ್ಬರ್ನಿನಲ್ಲಿ. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಆಪರೇಷನ್ ಆಯ್ತು. ಮಗ ಒಂದು ತಿಂಗಳು ರಜ ಹಾಕಿ ಬಂದ, ಇದ್ದ, ಮಾಡಿದ. ಆಮೇಲೆ ಅತ್ತೆಯನ್ನ ಬೆಂಗಳೂರಿನ ಹೊರವಲಯದ ಒಂದು ಮನೆಗೆ ಸೇರಿಸಿದ್ವಿ. ಸೇರಿಸಿದ್ವಿ ಅಂದ್ರೆ ನಾನೂ ಸೇರಿಕೊಂಡೇ. ಜಾಗ ನೋಡೋಕೆ ಹೋದವನು ನಾನು. ತುಳಸಿಕಟ್ಟೆ ನೋಡಿದೆ. ಅಡುಗೆಮನೆ ನೋಡಿದೆ, ಈರುಳ್ಳಿ ಹಾಕದ ಸಾರು ಬೇರೆ ಮಾಡ್ತೀವಿ ಅಂದ್ರು, ಖುಷಿ ಆಯ್ತು. ಸಿಸಿ ಕ್ಯಾಮೆರಾ ಎಷ್ಟಿದೆ ಕೇಳಿದೆ. ಸಂಜೆ ಭಜನೆ ಇದೆಯಾ ಕೇಳಿದೆ. ತಿಂಗಳಿಗೆ 38 ಸಾವಿರ, ಡಯಾಪರ್ ದುಡ್ಡು ಬೇರೆ. ರಾತ್ರಿ ಎಷ್ಟು ಜನ ಕೆಲಸಕ್ಕಿರ್ತಾರೆ ಅಂತ ಕೇಳಲಿಲ್ಲ.

ಸೇರಿದಾಗ ಅತ್ತೆ ವಾಕರ್ ಹಿಡಿದು ನಡೀತಿದ್ರು. ಯಾರಾದರೂ ರಟ್ಟೆ ಹಿಡಿದರೆ ಬಚ್ಚಲಿಗೆ ಹೋಗಿ ಬರ್ತಿದ್ರು. ನಾಲ್ಕೇ ತಿಂಗಳು. ಒಂದು ಭಾನುವಾರ ಹೋದಾಗ ವಾಸನೆ. ನರ್ಸ್ ಹೇಳಿದ್ದು, "ಸ್ವಲ್ಪ ಕೆಂಪಾಗಿದೆ ಸರ್, ಪೌಡರ್ ಹಾಕ್ತಿದ್ದೀವಿ." ತಿರುಗಿಸಿ ತೋರಿಸಿ ಅಂದೆ. ಬೆನ್ನಿನ ಕೆಳಗೆ, ಸೊಂಟ ಮುಗಿಯೋ ಜಾಗದಲ್ಲಿ, ನನ್ನ ಅಂಗೈ ಅರ್ಧದಷ್ಟು ತೂತು. ಆಸ್ಪತ್ರೆಗೆ ಕರ್ಕೊಂಡು ಹೋದಾಗ ಡಾಕ್ಟರು ನಾಲ್ಕನೇ ಹಂತ ಅಂದ್ರು. ನಾಲ್ಕಕ್ಕಿಂತ ಮೇಲೆ ಹಂತ ಇಲ್ಲ. ಅಂದ್ರೆ ಚರ್ಮ, ಕೊಬ್ಬು ದಾಟಿ ಒಳಗಿನ ಮೂಳೆ ಮಾಂಸದವರೆಗೆ ಹೋಗಿದೆ ಅಂತ.

ಬೆಡ್ ಸೋರ್ ಒಂದು ರೋಗ ಅಲ್ಲ ಸ್ವಾಮಿ. ಎಲ್ಲಿಂದಲೋ ಬಂದು ಅಂಟಿಕೊಳ್ಳೋದಲ್ಲ. ಒಂದೇ ಕಡೆ ಭಾರ ಬಿದ್ದು ಬಿದ್ದು, ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯುತ್ತೆ. ಒದ್ದೆ ಬಟ್ಟೆ ಇದ್ದರೆ ಇನ್ನೂ ಬೇಗ. ಹಾಗಾಗಬಾರದು ಅಂತಲೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನೋದು. ಮೊದಲ ಹಂತದಲ್ಲಿ ಬೆರಳಿಟ್ಟು ಒತ್ತಿದರೆ ಆ ಕೆಂಪು ಮಾಯ ಆಗಲ್ಲ, ಹಾಗೇ ಇರುತ್ತೆ. ಅದು ಎಚ್ಚರಿಕೆ ಗಂಟೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಆ ಕೆಂಪು ಸರಿಯಾಗಿ ಕಾಣೋದೂ ಇಲ್ಲ, ಮುಟ್ಟಿಯೇ ನೋಡಬೇಕು: ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ. (ಇದನ್ನ ಎಲ್ಲಾದರೂ ಬರೆದಿಟ್ಟುಕೊಳ್ಳಿ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಮಲಗಿರ್ತಾರೆ.)

ಏರ್ ಬೆಡ್ ಹಾಕಿದ್ದೀವಲ್ಲ ಸರ್ ಅಂದ್ರು ಮ್ಯಾನೇಜರು. ಏರ್ ಬೆಡ್ ಭಾರ ಹಂಚುತ್ತೆ, ನಿಜ. ಅದು ಅತ್ತೆಯನ್ನ ತಿರುಗಿಸಿ ಮಲಗಿಸಲ್ಲ.

ಆಮೇಲೆ ಚಾರ್ಟ್ ತೋರಿಸಿದ್ರು. ಅದನ್ನ ನೋಡಿದ ಮೇಲೆ ನನಗೆ ಮಾತೇ ಹೊರಡಲಿಲ್ಲ. ಎಷ್ಟು ಚೆನ್ನಾಗಿತ್ತು ಗೊತ್ತಾ! ರಾತ್ರಿ 10 ಗಂಟೆ ಎಡಮಗ್ಗುಲು, ಟಿಕ್. 12 ಗಂಟೆ ಬಲಮಗ್ಗುಲು, ಟಿಕ್. 2 ಗಂಟೆ, 4 ಗಂಟೆ, ಟಿಕ್, ಟಿಕ್. ತಿಂಗಳುಪೂರ್ತಿ ಒಂದು ಮನೆಯೂ ಖಾಲಿ ಇಲ್ಲ. ಎಲ್ಲ ಒಂದೇ ಪೆನ್ನು, ಒಂದೇ ಓರೆ. ಅತ್ತೆ ಟೀಚರಾಗಿದ್ದಾಗ ಹಾಜರಿ ಪುಸ್ತಕ ತುಂಬಿಸ್ತಿದ್ದದ್ದು ನೆನಪಾಯ್ತು, ಅದರಲ್ಲೂ ಅಲ್ಲಲ್ಲಿ ಗೈರು ಇರ್ತಿತ್ತು.

ಸಿಟ್ಟು ನೆತ್ತಿಗೇರಿತು. ಆ ರಾತ್ರಿ ಡ್ಯೂಟಿ ಮಾಡೋ ಹುಡುಗಿಯನ್ನ ಕರೆಸಿ ಅಂದೆ. ಬಂದಳು. ಜಾರ್ಖಂಡಿನವಳು, ಇಪ್ಪತ್ತೋ ಇಪ್ಪತ್ತೊಂದೋ. ನನ್ನ ಹರಕುಮುರುಕು ಹಿಂದಿಯಲ್ಲಿ ಕೂಗಾಡಿದೆ. ಅವಳು ಅಳಲಿಲ್ಲ, ಎದುರುತ್ತರವನ್ನೂ ಕೊಡಲಿಲ್ಲ. "ಮೇಲೆ ನಾನೊಬ್ಬಳೇ ಭೈಯಾ" ಅಂದಳು, ಅಷ್ಟೇ.

ಅವತ್ತು ರಾತ್ರಿ ಮನೆಗೆ ಬಂದು ಹಳೇ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ನೀವೂ ಹಾಕಿ. ಮೇಲಿನ ಮಹಡಿಯಲ್ಲಿ 22 ಜನ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಒಬ್ಬಳು. ತಾವಾಗಿ ಮಗ್ಗುಲು ಬದಲಿಸಲಾಗದವರು 8 ಜನ. ಎರಡು ಗಂಟೆಗೊಮ್ಮೆ ಅಂದ್ರೆ ರಾತ್ರಿಗೆ 6 ಸಲ, ಒಟ್ಟು 48 ಸಲ. ಒಂದು ದೇಹವನ್ನ ಒಬ್ಬಳೇ ಜೋಪಾನವಾಗಿ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಹಿಮ್ಮಡಿ ಎತ್ತಿಟ್ಟು, ಒದ್ದೆ ಇದೆಯಾ ನೋಡಿ, ಒಂದು ಗುಟುಕು ನೀರು ಕುಡಿಸೋಕೆ 10 ನಿಮಿಷ ಅನ್ನಿ. 480 ನಿಮಿಷ, ಅಂದ್ರೆ 8 ಗಂಟೆ. ಡಯಾಪರ್ ಹಾಕಿದವರು 14 ಜನ. ರಾತ್ರಿ ಎರಡೇ ಸಲ ಬದಲಿಸಿದರೂ 28 ಸಲ, ಹತ್ತತ್ತು ನಿಮಿಷ, 4 ಗಂಟೆ 40 ನಿಮಿಷ. ಅಲ್ಲಿಗೆ 12 ಗಂಟೆ 40 ನಿಮಿಷ ಆಯ್ತು. ಡ್ಯೂಟಿ ಇರೋದು 12 ಗಂಟೆ. ಇನ್ನೂ ಒಂಬತ್ತು ಗಂಟೆ ಮಾತ್ರೆ ಕೊಟ್ಟಿಲ್ಲ. ಬಚ್ಚಲಿಗೆ ಹೋಗಬೇಕು ಅನ್ನೋರನ್ನ ಕರ್ಕೊಂಡು ಹೋಗಿಲ್ಲ. ಮರೆವಿನ ಕಾಯಿಲೆಯ ಅಜ್ಜ ಒಬ್ರು ರಾತ್ರಿ ಎರಡು ಗಂಟೆಗೆ ಬಸ್ಸು ಹಿಡೀಬೇಕು ಅಂತ ಬಾಗಿಲು ತಟ್ಟುತ್ತಾರೆ, ಅವರನ್ನ ಸಮಾಧಾನ ಮಾಡಿಲ್ಲ. ಬೆಳಿಗ್ಗೆ ಐದಕ್ಕೆ 22 ಜನರ ಮೈ ಒರೆಸೋದು ಶುರು ಆಗಬೇಕು, ಅದೂ ಇದರೊಳಗೆ ಸೇರಿಲ್ಲ. ಆ ಹುಡುಗಿ ಒಂದು ಲೋಟ ಟೀ ಕುಡಿದಿಲ್ಲ, ಒಂದಕ್ಕೆ ಹೋಗಿ ಬಂದಿಲ್ಲ.

ದೇವತೆಯನ್ನೇ ತಂದು ಆ ಮಹಡಿಯಲ್ಲಿ ಡ್ಯೂಟಿಗೆ ಹಾಕಿದರೂ ಈ ಲೆಕ್ಕ ಕೂಡಲ್ಲ. ಚಾರ್ಟ್ ಮಾತ್ರ ಪ್ರತಿ ತಿಂಗಳೂ ಕೂಡುತ್ತೆ. ಯಾಕಂದ್ರೆ ಖಾಲಿ ಬಿಟ್ಟರೆ ಅವಳ ಸಂಬಳ ಮುರೀತಾರೆ.

ಇದಕ್ಕೊಂದು ಹೆಸರಿದೆ ಅಂತ ಆಮೇಲೆ ಓದಿ ತಿಳಕೊಂಡೆ. ಮಾಡಬೇಕಿದ್ದು, ಮಾಡದೆ ಉಳಿದ ಆರೈಕೆ. ಮಿಷಿಗನ್ ವಿಶ್ವವಿದ್ಯಾಲಯದ ಬಿಯಾಟ್ರಿಸ್ ಕಾಲಿಶ್ ಅನ್ನೋ ನರ್ಸಿಂಗ್ ಪ್ರೊಫೆಸರು 2006ರಲ್ಲಿ ಎರಡು ಆಸ್ಪತ್ರೆಗಳ ನರ್ಸುಗಳನ್ನ, ಸಹಾಯಕರನ್ನ ಗುಂಪು ಗುಂಪಾಗಿ ಕೂರಿಸಿ, ನಿಮ್ಮ ಕೈಲಿ ಏನೇನು ಬಿಟ್ಟುಹೋಗುತ್ತೆ ಅಂತ ಕೇಳಿದರು. ಬಂದ ಉತ್ತರ ನೋಡಿ: ಮಗ್ಗುಲು ಬದಲಿಸೋದು, ನಡೆಸೋದು, ಹೊತ್ತಿಗೆ ಊಟ ಮಾಡಿಸೋದು, ಮೈ ಶುಚಿ, ಎಷ್ಟು ಕುಡಿದರು ಎಷ್ಟು ಹೋಯಿತು ಅಂತ ಬರೆಯೋದು, ಧೈರ್ಯ ಹೇಳೋದು, ಕಣ್ಣಿಟ್ಟು ನೋಡ್ತಾ ಇರೋದು. ಯಾಕೆ ಬಿಟ್ಟುಹೋಗುತ್ತೆ? ಜನ ಸಾಲದು ಅನ್ನೋದು ಒಂದು. ಅದು ನನ್ನ ಕೆಲಸ ಅಲ್ಲ ಅನ್ನೋ ಮನೋಭಾವ ಇನ್ನೊಂದು. ನನಗೆ ತಟ್ಟಿದ್ದು ಮತ್ತೊಂದು ಕಾರಣ: ಅಭ್ಯಾಸ. ಮೊದಲ ಸಲ ಬಿಟ್ಟಾಗ ಜೀವ ಚುರುಕ್ ಅನ್ನುತ್ತೆ. ಹತ್ತನೇ ಸಲಕ್ಕೆ ಅನ್ನಲ್ಲ. ಐವತ್ತನೇ ಸಲಕ್ಕೆ ಅದು ತನ್ನ ಕೆಲಸ ಆಗಿತ್ತು ಅನ್ನೋದೇ ಮರೆತುಹೋಗಿರುತ್ತೆ. ಜಾರ್ಖಂಡಿನ ಹುಡುಗಿ ಕೆಟ್ಟವಳಾದದ್ದಲ್ಲ. ಅವಳಿಗೆ ಬಿಡೋದನ್ನ ಕಲಿಸಿದ್ದು ಆ ಮನೆ. ಅದಕ್ಕೆ ತಿಂಗಳು ತಿಂಗಳು 38 ಸಾವಿರ ಕಟ್ಟಿದ್ದು ನಾವು.

ವಯಸ್ಸಾದವರ ಮನೆಗಳಲ್ಲೂ ಇದೇ ಕಥೆ. ಪಶ್ಚಿಮ ಕೆನಡಾದ ನರ್ಸಿಂಗ್ ಹೋಮುಗಳ ಸಹಾಯಕರನ್ನ ಕೇಳಿ 2015ರಲ್ಲಿ ಒಂದು ಅಧ್ಯಯನ ಬಂತು. ಹಿಂದಿನ ಡ್ಯೂಟಿಯಲ್ಲೇ ಒಂದಾದರೂ ಕೆಲಸ ಬಿಟ್ಟುಹೋಯ್ತು ಅಂದವರು ಮುಕ್ಕಾಲು ಪಾಲು ಜನ. ಅತಿ ಹೆಚ್ಚು ಬಿಟ್ಟುಹೋದದ್ದು ಎರಡು: ಅವರ ಜೊತೆ ಮಾತಾಡೋದು ಮತ್ತು ಅವರನ್ನ ನಡೆದಾಡಿಸೋದು. ಅರ್ಥ ಆಗುತ್ತೆ ಅಲ್ವಾ? ಮಾತಾಡದೆ ಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ವಾಸನೆ ಬರಲ್ಲ.

ಆದರೆ ಮಾತು ಬಿಟ್ಟುಹೋದರೆ ಏನಾಗುತ್ತೆ ಅಂತ ಅತ್ತೆಯಿಂದಲೇ ಕೇಳಿ ತಿಳಕೊಂಡೆ. ಅತ್ತೆಗೆ ಹಿಂದಿ ಬರಲ್ಲ. ಹುಡುಗಿಯರಿಗೆ ಕನ್ನಡ ಬರಲ್ಲ. ಸೇರಿದ ಎರಡನೇ ದಿನ ರಾತ್ರಿ ಅತ್ತೆ "ಒಂದಕ್ಕೆ ಹೋಗಬೇಕು ಕಣಮ್ಮ" ಅಂದಿದ್ದಾರೆ. ಆ ಹುಡುಗಿಗೆ ಒಂದು, ಎರಡು, ಮೂರು ಗೊತ್ತಿತ್ತು. ಪಾಪ, ಓಡಿಹೋಗಿ ಒಂದು ಬಿಸ್ಕತ್ತು ತಂದುಕೊಟ್ಟಳಂತೆ. ಅತ್ತೆ ಇದನ್ನ ನಗ್ತಾ ನಗ್ತಾ ಹೇಳಿದ್ರು, ನಾನೂ ನಕ್ಕೆ. ಆಮೇಲೆ ಏನಾಯ್ತು ಅತ್ತೆ ಅಂದೆ. "ಏನಾಗುತ್ತೋ, ಹಾಸಿಗೆಯಲ್ಲೇ ಆಯ್ತು" ಅಂದ್ರು.

ಮರುದಿನದಿಂದ ಡಯಾಪರ್. ಒಂದಕ್ಕೆ ಬಂದದ್ದು ಗೊತ್ತಾಗುವ, ಹೇಳುವ, ಕೈ ಹಿಡಿದರೆ ನಡೆದುಹೋಗುವ ಹೆಂಗಸಿಗೆ ಡಯಾಪರ್. ಕಟ್ಟಿದ ಮೇಲೆ ಎಬ್ಬಿಸೋ ಅಗತ್ಯ ಇಲ್ಲ. ಎಬ್ಬಿಸದಿದ್ದರೆ ನಡಿಗೆ ಇಲ್ಲ. ವಯಸ್ಸಾದವರ ಕಾಲಿನ ಶಕ್ತಿ ಹೋಗೋಕೆ ತಿಂಗಳು ಬೇಡ, ಹಾಸಿಗೆಯಲ್ಲಿ ಕೆಲವು ದಿನ ಸಾಕು. ಇತ್ತ ಅತ್ತೆಗೆ ಅವಮಾನ, ಆದಷ್ಟು ಒದ್ದೆ ಮಾಡಬಾರದು ಅಂತ ನೀರು ಕುಡಿಯೋದನ್ನೇ ಬಿಟ್ಟರು. ನೀರಿಲ್ಲದೆ ಮೂತ್ರದ ಸೋಂಕು, ಸೋಂಕಿನಿಂದ ಜ್ವರ, ಜ್ವರದಲ್ಲಿ ಒಂದಿಷ್ಟು ದಿನ ಬುದ್ಧಿ ಕಲಸಿ ನನ್ನನ್ನ ನಮ್ಮಪ್ಪ ಅಂದುಕೊಂಡು ಮಾತಾಡಿದ್ರು. "ಡಿಮೆನ್ಷಿಯಾ ಶುರು ಆಗಿದೆ ಅನ್ಸುತ್ತೆ ಸರ್" ಅಂದರು ಅಲ್ಲಿಯವರು. ಸೋಂಕು ಇಳಿದ ಮೇಲೆ ಅತ್ತೆಗೆ ಹದಿನೇಳರ ಮಗ್ಗಿ ಸಲೀಸಾಗಿ ಬರ್ತಿತ್ತು, ನಾನೇ ಕೇಳಿ ನೋಡಿದೆ. ಅಷ್ಟರಲ್ಲಿ ಬೆನ್ನು ಹೋಗಿತ್ತು.

ಐದು ನಿಮಿಷ ರಟ್ಟೆ ಹಿಡಿದು ಬಚ್ಚಲಿಗೆ ಕರ್ಕೊಂಡು ಹೋಗೋ ಕೆಲಸ ಬಿಟ್ಟುಹೋದದ್ದು ಎಲ್ಲಿಗೆ ಬಂದು ನಿಂತಿತು ನೋಡಿ.

ಹಲ್ಲಿನ ಕಥೆಯೂ ಹೀಗೇ. ಅತ್ತೆಯ ಹಲ್ಲಿನ ಸೆಟ್ಟು ಒಂದು ಸ್ಟೀಲ್ ಲೋಟದಲ್ಲಿ ವಾರಗಟ್ಟಲೆ ಕೂತಿತ್ತು. ಬಾಯಿ ತೊಳೆಸದಿದ್ದರೆ ಏನು ಮಹಾ ಅನ್ನಬೇಡಿ. ಜಪಾನಿನ 11 ನರ್ಸಿಂಗ್ ಹೋಮುಗಳಲ್ಲಿ ಎರಡು ವರ್ಷ ಒಂದು ಪ್ರಯೋಗ ಮಾಡಿದ್ರು, ಅದು 2002ರಲ್ಲಿ ಪ್ರಕಟವಾಯ್ತು. ಒಂದು ಗುಂಪಿಗೆ ಪ್ರತಿ ಊಟದ ನಂತರ ಸಿಬ್ಬಂದಿಯೇ ಬಾಯಿ, ಹಲ್ಲು ಶುಚಿ ಮಾಡಿಸಿದ್ರು. ಇನ್ನೊಂದು ಗುಂಪು ಎಂದಿನ ಹಾಗೆ. ಶುಚಿ ಮಾಡಿಸಿದವರಲ್ಲಿ ನ್ಯುಮೋನಿಯಾ ಕಡಿಮೆ ಆಯ್ತು. ಬಾಯಲ್ಲಿ ಬೆಳೆದ ಕ್ರಿಮಿ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತೆ. ನಮ್ಮಲ್ಲಿ ಅದಕ್ಕೆ "ವಯಸ್ಸಾಗಿತ್ತು, ಕೊನೆಗೆ ಕಫ ಕಟ್ಟಿತು" ಅಂತೀವಿ.

ಈಗ ನಿಮ್ಮಲ್ಲಿ ಕೆಲವರು ಕೀಲಿಮಣೆ ಎಳೆದುಕೊಂಡಿರ್ತೀರಿ ಅಂತ ಗೊತ್ತು: "ಅದಕ್ಕೇ ಹೇಳೋದು, ಮನೆಯಲ್ಲೇ ನೋಡಿಕೊಳ್ಳಬೇಕಿತ್ತು, ಹಿಂದೆ ಕೂಡುಕುಟುಂಬದಲ್ಲಿ..." ದಯವಿಟ್ಟು ನಿಲ್ಲಿಸಿ. ನನ್ನ ಅಜ್ಜಿ ಕೂಡುಕುಟುಂಬದಲ್ಲೇ ಇದ್ದರು, ನಡುಮನೆಯ ಪಕ್ಕದ ಕೋಣೆಯಲ್ಲಿ ಎಂಟು ತಿಂಗಳು ಮಲಗಿದ್ರು. ಮನೆ ತುಂಬಾ ಹನ್ನೊಂದು ಜನ. ಅಜ್ಜಿಯನ್ನ ಎತ್ತಿ, ತೊಳೆದು, ಮಗ್ಗುಲು ಬದಲಿಸುತ್ತಿದ್ದದ್ದು ಒಂದೇ ಜೀವ, ನಮ್ಮಮ್ಮ. ಹನ್ನೊಂದು ಜನಕ್ಕೆ ದೋಸೆ ಹುಯ್ದ ಮೇಲೆ. ಅಜ್ಜಿಗೂ ಬೆನ್ನು ಹುಣ್ಣಾಗಿತ್ತು, ಬೇವಿನ ಎಣ್ಣೆ ಹಚ್ಚುತ್ತಿದ್ದದ್ದು ನೆನಪಿದೆ. ಚಾರ್ಟ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮಮ್ಮನನ್ನ ಯಾರೂ ಎಣಿಸಲಿಲ್ಲ, ಹಾಗಾಗಿ ಆ ಕಾಲ ನಮಗೆ ಚೆನ್ನಾಗಿ ಕಾಣುತ್ತೆ. ಸಂಸ್ಕೃತಿ ಅಂತ ನೀವು ಬರೆಯೋದರ ಅರ್ಧಕ್ಕರ್ಧ ಯಾರದೋ ಅಮ್ಮನ ಸೊಂಟನೋವು.

ಕಾನೂನು ಇಲ್ವಾ ಅಂತ ಕೇಳಬಹುದು. ಇದೆ, ಮಗನನ್ನ ಹಿಡಿಯೋಕೆ ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯ ಪ್ರಕಾರ ಮಕ್ಕಳಿಂದ ಜೀವನಾಂಶ ಕೇಳಬಹುದು. ದಿಕ್ಕಿಲ್ಲದ ಹಿರಿಯರಿಗೆ ಸರ್ಕಾರ ಜಿಲ್ಲೆಗೊಂದಾದರೂ ವೃದ್ಧಾಶ್ರಮ ಕಟ್ಟಬಹುದು ಅಂತಲೂ ಇದೆ (ಕಟ್ಟಲೇಬೇಕು ಅಂತಿಲ್ಲ), ಕಡೇಪಕ್ಷ 150 ಜನಕ್ಕೆ. ದುಡ್ಡು ಕೊಟ್ಟು ಸೇರೋ ಖಾಸಗಿ ಮನೆಗಳನ್ನೂ ನೋಂದಣಿ ಮಾಡಬೇಕು, ಕನಿಷ್ಠ ಗುಣಮಟ್ಟ ಇರಬೇಕು ಅಂತ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಒಂದು ತಿದ್ದುಪಡಿ ಮಸೂದೆ ಬಂತು. ಸ್ಥಾಯಿ ಸಮಿತಿಗೆ ಹೋಯ್ತು, ಬಂತು, ಕೂತಿತ್ತು. 2024ರಲ್ಲಿ ಆ ಲೋಕಸಭೆಯ ಅವಧಿಯೇ ಮುಗೀತು, ಮಸೂದೆಯೂ ಅದರ ಜೊತೆ ಹೋಯ್ತು. ಇಷ್ಟು ಜನಕ್ಕೆ ರಾತ್ರಿ ಇಷ್ಟು ಕೈ ಇರಲೇಬೇಕು ಅನ್ನೋ ಸಂಖ್ಯೆ ದೇಶದ ಯಾವ ಪಾರ್ಲಿಮೆಂಟು ಕಾಯ್ದೆಯಲ್ಲೂ ಇಲ್ಲ.

ಅತ್ತೆ ಮಗನಿಗೆ ಫೋನಿನಲ್ಲಿ ಎಲ್ಲ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಇಲ್ಲಿ ನಿಮಿಷದ ಲೆಕ್ಕ ಇದೆ ಕಣೋ" ಅಂದ. ನಿಜ. ಆಸ್ಟ್ರೇಲಿಯಾದಲ್ಲಿ ಇದೇ ಗೋಳು ಹೆಚ್ಚಾಗಿ 2018ರಲ್ಲಿ ರಾಯಲ್ ಕಮಿಷನ್ ಕೂರಿಸಿದ್ರು. 2019ರಲ್ಲಿ ಅದರ ಮಧ್ಯಂತರ ವರದಿ ಬಂತು, ಹೆಸರು ಒಂದೇ ಪದ: ನಿರ್ಲಕ್ಷ್ಯ. 2021ರಲ್ಲಿ ಕೊನೆಯ ವರದಿ. 2023ರ ಜುಲೈನಿಂದ ಇಪ್ಪತ್ನಾಲ್ಕು ಗಂಟೆಯೂ ಒಬ್ಬ ರಿಜಿಸ್ಟರ್ಡ್ ನರ್ಸ್ ಇರಬೇಕು ಅಂತ ನಿಯಮ. 2024ರ ಅಕ್ಟೋಬರಿನಿಂದ ತಲಾ ಒಬ್ಬರಿಗೆ ದಿನಕ್ಕೆ ಸರಾಸರಿ 215 ನಿಮಿಷದ ಆರೈಕೆ, ಅದರಲ್ಲಿ 44 ನಿಮಿಷ ರಿಜಿಸ್ಟರ್ಡ್ ನರ್ಸಿನದು. ಎಲ್ಲ ಮನೆಗಳೂ ಅದನ್ನ ಮುಟ್ಟಿಲ್ಲ. ಆದರೆ ಮುಟ್ಟಿಲ್ಲ ಅಂತ ಹೇಳೋಕಾದರೂ ಒಂದು ಗೆರೆ ಇದೆ. ಅತ್ತೆಯ ಮಹಡಿಯ ರಾತ್ರಿ ಪಾಳಿಯನ್ನ ಭಾಗಿಸಿ ನೋಡಿ, ತಲೆಗೆ 33 ನಿಮಿಷ ಬರಲ್ಲ, ಆ ಹುಡುಗಿ ಕಣ್ಣು ಮಿಟುಕಿಸದೆ ದುಡಿದರೂ.

ಅಮೆರಿಕದಲ್ಲೂ 2024ರಲ್ಲಿ ಒಂದು ಸಂಖ್ಯೆ ತಂದ್ರು, ದಿನಕ್ಕೆ ತಲಾ 3.48 ಗಂಟೆ. ನರ್ಸಿಂಗ್ ಹೋಮುಗಳ ಸಂಘದವರು ಕೋರ್ಟಿಗೆ ಹೋದ್ರು. 2025ರ ಏಪ್ರಿಲ್‌ನಲ್ಲಿ ಟೆಕ್ಸಾಸಿನ ಫೆಡರಲ್ ನ್ಯಾಯಾಲಯ ಅದರ ಮುಖ್ಯ ಭಾಗಗಳನ್ನ ಹೊಡೆದುಹಾಕಿತು. ಅದೇ ಜುಲೈನಲ್ಲಿ ಸಂಸತ್ತು ಅದನ್ನ 2034ರವರೆಗೆ ಜಾರಿ ಮಾಡೋ ಹಾಗಿಲ್ಲ ಅಂತ ಕಾನೂನು ಮಾಡಿತು. ಕಾರಣ ಕೊಟ್ಟರು, ಜನ ಸಿಗಲ್ಲ, ದುಡ್ಡಿಲ್ಲ, ಹಳ್ಳಿಕಡೆ ಮನೆಗಳು ಮುಚ್ಚಿಹೋಗ್ತವೆ ಅಂತ. ಪೂರ್ತಿ ಸುಳ್ಳು ಅನ್ನೋಕಾಗಲ್ಲ. ಆದರೆ ತೋಟಕ್ಕೆ, ಭಜನೆಗೆ, ಹಬ್ಬದ ಊಟಕ್ಕೆ ಯಾರೂ ಕೋರ್ಟಿಗೆ ಹೋಗಲ್ಲ. ಎಷ್ಟು ಜನ ಅನ್ನೋ ಸಂಖ್ಯೆಗೆ ಮಾತ್ರ ಹೋಗ್ತಾರೆ.

ಆಸ್ಪತ್ರೆಯಿಂದ ಬಿಡುಗಡೆ ಆಗೋ ಹೊತ್ತಿಗೆ ನಾನು ಏಳು ಕಡೆ ಫೋನು ಮಾಡಿದೆ. ಬೇರೇನೂ ಕೇಳಲಿಲ್ಲ. ರಾತ್ರಿ ಎಷ್ಟು ಜನ ಇರ್ತಾರೆ, ಎಷ್ಟು ಹಿರಿಯರಿಗೆ? ಮೂರು ಕಡೆ, "ಸಾಕಷ್ಟು ಸ್ಟಾಫ್ ಇದ್ದಾರೆ ಸರ್". ಎರಡು ಕಡೆ, "ಒಂದ್ಸಲ ವಿಸಿಟ್ ಮಾಡಿ ಸರ್, ನಮ್ಮ ಗಾರ್ಡನ್ ನೋಡಿ". ಒಂದು ಕಡೆ, "ಯಾಕೆ ಕೇಳ್ತಿದ್ದೀರಾ, ನೀವು ಪತ್ರಿಕೆಯವರಾ?" ಒಂದೇ ಒಂದು ಕಡೆ ಒಬ್ಬ ಹೆಂಗಸು ಸ್ವಲ್ಪ ತಡೆದು, "12 ಜನಕ್ಕೆ ಒಬ್ಬರು ಇರಬೇಕು ಸರ್, ಈಗ 18 ಆಗಿದೆ, ಇಬ್ಬರು ಬಿಟ್ಟುಹೋದರು" ಅಂದ್ರು. ಅತ್ತೆ ಈಗ ಅಲ್ಲಿದ್ದಾರೆ. ತುಳಸಿಕಟ್ಟೆ ಇಲ್ಲ. ಸಾರಿಗೆ ಈರುಳ್ಳಿ ಹಾಕ್ತಾರೆ, ಅತ್ತೆ ಬದಿಗೆ ತೆಗೆದಿಟ್ಟು ಊಟ ಮಾಡ್ತಾರೆ. ಅಲ್ಲಿರೋ ಇನ್ನಿಬ್ಬರ ಮನೆಯವರ ಜೊತೆ ಸೇರಿ ನಾವು ರಾತ್ರಿಗೆ ಒಬ್ಬಳನ್ನ ಹೆಚ್ಚಿಗೆ ಇಟ್ಟಿದ್ದೀವಿ. ಇದು ಪರಿಹಾರ ಅಂತ ನಾನು ಹೇಳ್ತಿಲ್ಲ, ಕೊಡೋಕೆ ಆಗೋರು ಕೊಡ್ತೀವಿ, ಪಕ್ಕದ ಹಾಸಿಗೆಯವರಿಗೆ ಅದೂ ಇಲ್ಲ. ಗಾಯ ಐದು ತಿಂಗಳಿಗೆ ಅರ್ಧ ಕೂಡಿದೆ. ನಡಿಗೆ ಬಂದಿಲ್ಲ.

ಜಾರ್ಖಂಡಿನ ಹುಡುಗಿಯನ್ನ ಆ ಹಳೇ ಮನೆಯವರು ಕೆಲಸದಿಂದ ತೆಗೆದ್ರಂತೆ. "ಕ್ರಮ ತಗೊಂಡಿದ್ದೀವಿ ಸರ್" ಅಂತ ಮ್ಯಾನೇಜರು ಫೋನು ಮಾಡಿ ಹೇಳಿದ್ರು, ನನಗೆ ಖುಷಿ ಆಗುತ್ತೆ ಅಂದುಕೊಂಡು. ಅವಳ ಜಾಗಕ್ಕೆ ಎಷ್ಟು ಜನ ಬಂದ್ರು ಅಂದೆ. ಒಬ್ಬಳು ಅಂದ್ರು.

ನಿಮ್ಮ ಕಡೆಯವರು ಯಾರಾದರೂ ಇಂಥ ಮನೆಯಲ್ಲಿದ್ದರೆ ಭಾನುವಾರ ಹನ್ನೊಂದು ಗಂಟೆಗೆ ಹಣ್ಣು ಹಿಡಿದು ಹೋಗಬೇಡಿ. ಒಂದು ದಿನ ರಾತ್ರಿ ಒಂಬತ್ತೂವರೆಗೆ ಹೇಳದೆ ಕೇಳದೆ ಹೋಗಿ. ಮಹಡಿಯಲ್ಲಿ ಎಷ್ಟು ಹಾಸಿಗೆ, ಎಷ್ಟು ಜನ ಕೆಲಸದವರು ಎಣಿಸಿ. ಒಳಗೆ ಬಿಡದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡೀರಿ. ಎಣಿಸಿದ್ದನ್ನ ಇಲ್ಲಿ ಕೆಳಗೆ ಬರೀರಿ, ಊರಿನ ಹೆಸರು ಸಾಕು. ನಾನು ಶುರು ಮಾಡ್ತೀನಿ.

ಬೆಂಗಳೂರು, 22ಕ್ಕೆ 1.